ಕಂಡಕ್ಟರ್ ಕಟ್ಟಿದ ಹಾಡು

ಮನೋಹರ ಕಲ್ಲೆದೆಯವನು. ಸಿಟ್ಟಿನಿಂದ ಹೇಳುತ್ತಿಲ್ಲ, ಅವನು ಕಂಡಕ್ಟರಾಗಿರುವ ಅರಕಲಗೂಡು–ಹಾಸನದ ಖಾಸಗಿ ಬಸ್ಸಿನಲ್ಲಿ ದಿನವೂ ಓಡಾಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಎದುರಿಗಿದ್ದವರು ಅಳುತ್ತಿದ್ದರೆ ಅವನು ಅವರ ಮಾತಿನಲ್ಲಿ ಪಲ್ಲವಿ ಹುಡುಕುತ್ತಿದ್ದ.

ಹೆಂಡತಿ ಮಕ್ಕಳಿಲ್ಲ. ಅರಕಲಗೂಡಿನಲ್ಲಿ ಬಾಡಿಗೆಯ ಒಂದು ಕೋಣೆ, ಊಟ ಹೋಟೆಲಿನಲ್ಲಿ. ದಿನವಿಡೀ ಜನರ ನಡುವೆ ತೂರಿಕೊಂಡು ಓಡಾಡಿದರೂ ಚಿಲ್ಲರೆಯ ಮಾತು ಬಿಟ್ಟರೆ ಅವನೊಂದಿಗೆ ಯಾರೂ ಬೇರೆ ಮಾತಾಡುತ್ತಿರಲಿಲ್ಲ. ರಜೆಯ ದಿನವೂ ಬೇರೆ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಅಲ್ಲಿ ಹಾಕುವ ಜನಪದ ಹಾಡುಗಳಿಗೆ ಯಾವ ಸಾಲಿನಲ್ಲಿ ಜನರ ಕಾಲು ತಾಳ ಹಾಕುತ್ತದೆ, ಯಾವಾಗ ಮೊಬೈಲಿನಿಂದ ತಲೆ ಮೇಲೇಳುತ್ತದೆ ಎಂದು ನೋಡುತ್ತಿದ್ದ. ಗೆದ್ದ ಹಾಡುಗಳ ಮೊದಲ ಸಾಲಿನಲ್ಲೇ ಕೈಗೆ ಸಿಗುವ ವಸ್ತುವೊಂದು ಇರುತ್ತದೆಂದು ಕಂಡುಕೊಂಡ: ಬಳೆ, ಮೊರ, ಸೈಕಲ್ಲು. ಪಲ್ಲವಿ ಒಂದೇ ಉಸಿರಿಗೆ ಮುಗಿಯಬೇಕು. ದುಃಖ ತಾಳದ ಹಿಂದೆ ಬರಬೇಕು, ಮುಂದೆ ಬರಬಾರದು. ಬಸ್ಸು ಇಳಿಯುವವರ ಬಾಯಲ್ಲಿ ಹಾಡು ಉಳಿದಿದ್ದರೆ ಗೆದ್ದಂತೆ.

ಇದನ್ನೆಲ್ಲ ಪಾಲಿಸಿ ತಾನೂ ಹಾಡು ಕಟ್ಟಿದ. ಹಾಸನದ ಆರ್ಕೆಸ್ಟ್ರಾ ಗಾಯಕಿ ಶೋಭಿತಾ ಹಾಡಿಕೊಟ್ಟಳು. ಬಸ್ಸಿನಲ್ಲಿ ಹಾಕಿದರೆ ಜನ ಆಕಳಿಸಿದರು.

"ನಿನ್ ಹಾಡು ಕೇಳಿ ಬಸ್ಸಿನ ಮೈಲೇಜೂ ಕಮ್ಮಿಯಾಯ್ತದೆ ಕಣ್ಲಾ," ಎಂದ ಡ್ರೈವರ್ ದೇವರಾಜು. "ಎಲ್ಲಾ ಸರ್ಯಾಗೈತೆ. ಉಪ್ಪೊಂದಿಲ್ಲ."

ಆ ಉಪ್ಪು ಸಿಕ್ಕಿದ್ದು ಗೊರೂರಿನ ದೊಡ್ಡತಾಯಮ್ಮನ ಬಾಯಲ್ಲಿ. ಕೆಲಸಕ್ಕೆ ಹೋದ ಗಂಡ ಎದೆನೋವಿನಿಂದ ಅಲ್ಲೇ ತೀರಿಕೊಂಡಿದ್ದ. ತಿಥಿ ಕಳೆದ ಮೇಲೆ ಹಾಸನಕ್ಕೆ ಹೊರಟವಳು ಪಕ್ಕದವಳಿಗೆ ಹೇಳುತ್ತಿದ್ದಳು:

"ಅವತ್ತೂ ಸ್ನಾನಕ್ಕೆ ನೀರು ಕಾಯ್ಸಿಟ್ಟಿದ್ದೆ ಕಣವ್ವ. ಆರೋಯ್ತು. ಚೆಲ್ಲಕ್ಕೆ ಕೈ ಬರ್ಲಿಲ್ಲ."

ಪಕ್ಕದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೋಹರ ಬಗ್ಗಿ ಕೇಳಿದ, "ದೊಡ್ಡವ್ವ, ಹಂಡೇಲಾ, ಗೀಸರ್ನಲ್ಲಾ?"

ಆಕೆ ಕಕ್ಕಾಬಿಕ್ಕಿಯಾಗಿ ಅವನ ಮುಖ ನೋಡಿದಳು. "ಹಂಡೇಲಿ ಕಣಪ್ಪ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಸಮಾಧಾನದ ಒಂದು ಮಾತೂ ಆಡದೆ ಮುಂದಿನ ಸೀಟಿಗೆ ಹೋದ.

ಹಂಡೆಯಲ್ಲಿ ಆರಿದ ನೀರಿನ ಆ ಹಾಡನ್ನು ಶೋಭಿತಾ ಹಾಡಿದಳು. ಯೂಟ್ಯೂಬಿಗೆ ಹಾಕುವ ಮೊದಲು ಅವನು ಬೆಳಗಿನ ಟ್ರಿಪ್ಪಿನಲ್ಲಿ ಹಾಕಿ ನೋಡಿದ. ಎರಡನೇ ಚರಣಕ್ಕೆ ಹಿಂದಿದ್ದ ಕಾಲೇಜು ಹುಡುಗಿಯರು ಪಲ್ಲವಿಗೆ ದನಿಗೂಡಿಸಿದರು.

"ಅಣ್ಣಾ, ಇನ್ನೊಂದ್ಸಲ ಹಾಕಣ್ಣಾ!"

"ಲೇ ಮನೋರ, ಈ ಸಲ ಗೆದ್ಬುಟ್ಟೆ ಕಣ್ಲಾ!" ದೇವರಾಜು ಕೂಗಿದ.

ಮನೋಹರ ಮತ್ತೆ ಹಾಕಿದ. ಇಷ್ಟು ವರ್ಷ ಕಾದದ್ದು ಇದಕ್ಕೇ. ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತ. ಬಸ್ಸು ಗೊರೂರಿನಲ್ಲಿ ನಿಂತಾಗ ಕಣ್ಣು ತೆರೆದರೆ, ದೊಡ್ಡತಾಯಮ್ಮ ಮೆಟ್ಟಿಲಿಗೆ ಕಾಲಿಡುತ್ತಿದ್ದಳು.

ಅವನು ಡ್ರೈವರ್ ಬಳಿಗೆ ನುಗ್ಗಿ ಹಾಡು ನಿಲ್ಲಿಸಿದ.

"ಯಾಕ್ಲಾ?"

"ಕೆಟ್ಟೋಗೈತೆ. ನೀನು ಗಾಡಿ ಓಡ್ಸು."

ಆದರೆ ಹಾಡು ನಿಲ್ಲಲಿಲ್ಲ. ಹಿಂದೆ ಹುಡುಗಿಯರು ಗುನುಗುತ್ತಲೇ ಇದ್ದರು. ಸೀಟಿನಲ್ಲಿ ಕೂತ ದೊಡ್ಡತಾಯಮ್ಮ ಅತ್ತ ತಲೆ ಹೊರಳಿಸಿದಳು.

"ಟಿಕೆಟ್! ಯಾರ್ರೀ ಟಿಕೆಟ್! ಟಿಕೆಟ್ ಟಿಕೆಟ್!" ಮನೋಹರ ಗಂಟಲು ಹರಿಯುವಂತೆ ಕಿರುಚುತ್ತ ಹಿಂದಕ್ಕೆ ನಡೆದ.

"ಆಗ್ಲೇ ತಗೊಂಡಿದ್ದೀವಲ್ಲಣ್ಣಾ," ಎಂದಳು ಒಬ್ಬಳು.

"ತೋರ್ಸವ್ವಾ! ಎಲ್ರೂ ತೋರ್ಸಿ! ಟಿಕೆಟ್ ಟಿಕೆಟ್!"

ಹಾಸನ ಬರುವವರೆಗೂ ಅವನು ಹಾಗೆಯೇ ಕೂಗುತ್ತಿದ್ದ.