ಅಕ್ಕ ಗಟ್ಟಿ ಮಾಡಿ ತಂದ ಗಿಣ್ಣು

ಹೊಟ್ಟೆಯುಬ್ಬರಕ್ಕೆ ವೈದ್ಯರು ಹೇಳಿದ್ದು ಲೋ ಫಾಡ್‌ಮ್ಯಾಪ್ ಪಥ್ಯ. ಕರುಳಿಗೆ ಒಗ್ಗದ ಕೆಲವು ಬಗೆಯ ಸಕ್ಕರೆಗಳಿರುವ ಆಹಾರವನ್ನು ಮೊದಲು ಪೂರ್ತಿ ಬಿಡಬೇಕು. ಆಮೇಲೆ ಒಂದೊಂದನ್ನೇ ತಿಂದು ಪರೀಕ್ಷಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಅವರೆಕಾಳು, ಹಾಲು ಹೋದವು. ಮುದ್ದೆ ಉಳಿಯಿತು. ಚೀಸ್ ಕೂಡ ಉಳಿಯಿತು, ಆದರೆ ತಿಂಗಳುಗಟ್ಟಲೆ ಮಾಗಿಸಿದ ಗಟ್ಟಿ ಚೀಸ್ ಮಾತ್ರ. ಅದರಲ್ಲಿ ಹಾಲಿನ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮೂರು ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಅಂಥದ್ದು ನನಗೆ ಸಿಗಲಿಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದಾಗ ತರುತ್ತಿದ್ದೆ.

ಅಕ್ಕ ಇರುವುದು ಬೇತಮಂಗಲದಲ್ಲಿ. ಅವಳಿಗೆ ಒಂದು ಹಸುವಿತ್ತು. ಅದು ಕರು ಹಾಕಿದಾಗಲೆಲ್ಲ ಮೊದಲ ದಿನದ ಗಿಣ್ಣು ನಮ್ಮ ಮನೆಗೆ ಬರುತ್ತಿತ್ತು. ಈ ಸಲ ಹಸು ಇನ್ನೂ ಗಬ್ಬವಿದ್ದಾಗ ಮನೆಗೆ ಬಂದವಳು, ನಾನು ಚೀಸ್ ತಿನ್ನುವುದನ್ನು ಕಂಡಳು.

“ಆಲು ಆಗಲ್ಲ ಅಂತೀಯ, ಇದೇನ್ಲಾ?”

“ಇದು ಗಟ್ಟಿ. ನೀರು ಹಿಂಡಿದಾಗ ಸಕ್ಕರೆಯೂ ಹೋಗುತ್ತೆ.”

ಒಂದು ಚೂರು ಬಾಯಿಗಿಟ್ಟು ಮುಖ ಕಿವುಚಿದಳು. “ಸೋಪು ಇದ್ದಂಗೈತೆ. ನಿನ್ ಒಟ್ಟೆ ತೊಳೆಯಕ್ಕೆ ಸರಿಯಾಗೈತೆ ಬಿಡು.”

ಹಸು ಕರು ಹಾಕಿದ ಮರುದಿನವೇ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಳು. ಒಳಗಿದ್ದ ಗಿಣ್ಣಿಗೆ ಬೆಲ್ಲವಿಲ್ಲ, ಏಲಕ್ಕಿಯಿಲ್ಲ. ಉಪ್ಪು ಹಾಕಿ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ, ಒರಳಿನ ಗುಂಡುಕಲ್ಲನ್ನು ಅದರ ಮೇಲೆ ಹೇರಿ ನೀರು ಇಳಿಸಿದ್ದಳು.

“ನಿನ್ ಚೀಸ್‌ಗಿಂತ ಗಟ್ಟಿ ಕಣ್ಲಾ. ತಿನ್ನು.”

ನಾನು ಪಥ್ಯದ ಮೊದಲ ಹಂತದಲ್ಲಿದ್ದೆ. ಬರೀ ಹಿಂಡಿದರೆ ಸಾಲದು, ತಿಂಗಳುಗಟ್ಟಲೆ ಮಾಗಬೇಕು ಎಂದು ವಿವರಿಸಿದೆ.

“ಅಷ್ಟು ದಿನ ಇಕ್ಕಿದ್ರೆ ಉಳ ಬೀಳತ್ತೆ,” ಎಂದು ನಕ್ಕಳು. ಮುಚ್ಚಳ ಹಾಕಿ, ಡಬ್ಬಿಯೊಂದಿಗೆ ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಎರಡನೇ ಹಂತದಲ್ಲಿ ಹಾಲನ್ನು ಪರೀಕ್ಷಿಸಿದೆ. ಸ್ವಲ್ಪ ಕುಡಿದಾಗ ಏನೂ ಆಗಲಿಲ್ಲ. ಕಾಟ ಕೊಡುತ್ತಿದ್ದುದು ಈರುಳ್ಳಿ ಮತ್ತು ಅವರೆ. ಅಂದರೆ ಆ ದಿನ ಒಂದು ಚೂರು ಗಿಣ್ಣು ತಿಂದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಕೂಡಲೇ ಅಕ್ಕನಿಗೆ ಫೋನ್ ಮಾಡಿ, ಮುಂದಿನ ಸಲ ಗಿಣ್ಣು ತಾ ಎಂದೆ.

“ಮುಂದಿನ ಸಲ ಎಲ್ಲೈತೋ? ಅಸು ಮಾರ್ಬಿಟ್ವಲ್ಲ. ಮಂಡಿನೋವು, ಕೂತು ಆಲು ಕರೆಯಕ್ಕಾಗಲ್ಲ.”

ಅವತ್ತಿನ ಗಿಣ್ಣು ಏನಾಯಿತು ಎಂದು ಕೇಳಿದೆ.

“ನೀನೇ ಅಂದ್ಯಲ್ಲ, ತಿಂಗಳುಗಟ್ಟಲೆ ಇಕ್ಕಬೇಕು ಅಂತ. ಉಪ್ಪಿನಕಾಯಿ ಜಾಡಿ ಪಕ್ಕ ಇಕ್ಕಿದ್ದೆ. ಬೂಷ್ಟು ಬಂತು. ಚೀಸ್‌ಗೂ ಬರತ್ತೇನೋ ಅಂತ ಕಾದೆ. ಉಳ ಕಂಡ್ಮೇಲೆ ತಿಪ್ಪೆಗೆ ಆಕ್ದೆ.”

“ರುಚಿ ಹೇಗಿತ್ತು?”

“ನಂಗೇನ್ ಗೊತ್ತು? ನಿಂಗೇಂತ ಮಾಡಿದ್ದಲ್ವಾ, ನಾನು ಮುಟ್ಲಿಲ್ಲ.”