ಕರೆದು ಕೂರಿಸುವವಳು

ಅಕ್ಕನ ಬಲಗೈ ತೋರುಬೆರಳಿನ ತುದಿ ಹುಣಸೆಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ಬೇರಿಂಗು ಕೂರುವ ಜಾಗವನ್ನು ವರ್ಷಗಟ್ಟಲೆ ಸವರಿ ಬಂದ ಹೊಳಪು ಅದು. ಆ ಬೆರಳಿನ ಮೇಲೆ ನಾನೊಂದು ಸುಳ್ಳು ಹೊರಿಸಿದೆ. ಅಲ್ಲೇ ನಿಂತು 'ತಪ್ಪು ನನ್ನದು' ಎನ್ನಬಹುದಿತ್ತು. ಅನ್ನಲಿಲ್ಲ. ಐದು ತಿಂಗಳು ಅನ್ನಲಿಲ್ಲ.

ದಾವಣಗೆರೆಯಲ್ಲಿ ನಮ್ಮದು ಹಳೆಯ ಗಾಡಿಗಳನ್ನು ರಿಪೇರಿ ಮಾಡುವ ಅಂಗಡಿ. ಅಪ್ಪನ ನಂತರ ಅಕ್ಕನೇ ನಡೆಸಿದಳು. ಬೆಳಿಗ್ಗೆ ಬಂದವಳೇ ಬಳೆ ತೆಗೆದು ಗೋಡೆಯ ಮೊಳೆಗೆ ಹಾಕುತ್ತಿದ್ದಳು. ಮುಡಿದ ಕಾಕಡ ಹೂವನ್ನು ಮಾತ್ರ ತೆಗೆಯುತ್ತಿರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಅಳತೆ ಓದಲು ಕಲಿಸಿದವಳು ಅವಳೇ. ಅವಳಿಗೆ ಮಾತ್ರ ಬೇರೆಯದೇ ಅಳತೆಗಳಿದ್ದವು. ವಿಭೂತಿ ಬಳಿದಷ್ಟು ಸಡಿಲ, ಈರುಳ್ಳಿ ಸಿಪ್ಪೆಯಷ್ಟು ಸಡಿಲ. ಸಿಟ್ಟು ಬಂದರೆ, "ರೊಟ್ಟಿಯಷ್ಟು ಸಡಿಲ ಮಾಡಿದೀಯಲ್ಲೋ!"

ಬೇರಿಂಗು ಕೂರಿಸುವಾಗ ಸುತ್ತಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಬೇರಿಂಗನ್ನು ಐಸಿನಲ್ಲಿಟ್ಟು, ಅದು ಕೂರುವ ಜಾಗಕ್ಕೆ ಕುದಿಯುವ ನೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತಿದ್ದಳು. ತಣ್ಣಗಾದದ್ದು ಕುಗ್ಗುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ. ಹಬೆಯಲ್ಲಿ ಅವಳ ಮುಖ ಅರ್ಧ ಕರಗಿಹೋಗುತ್ತಿತ್ತು. ಬೀದಿಯ ಹಾರನ್ನುಗಳೆಲ್ಲ ಎಲ್ಲೋ ದೂರದ ಊರಿನವು ಅನ್ನಿಸುತ್ತಿದ್ದವು. ಆಮೇಲೆ ಬೇರಿಂಗು ತಾನಾಗಿ ಒಳಗಿಳಿದು ಸಣ್ಣಗೆ 'ಟಿಕ್' ಎನ್ನುತ್ತಿತ್ತು.

"ಬೀಗರು ಬಂದ್ರೆ ಬಡಿದು ಕುಂದ್ರಸ್ತೀಯೇನು? ಕಾಲಿಗೆ ನೀರು ಕೊಟ್ಟು ಕರೀತೀಯ. ಇದೂ ಹಂಗೇ," ಎನ್ನುತ್ತಿದ್ದಳು.

ಸಕ್ಕರೆ ಕಾಯಿಲೆ ಬಂದ ಮೇಲೆ ಅವಳ ಬೆರಳು ಆಗಾಗ ಜೋಮು ಹಿಡಿಯುತ್ತಿತ್ತು. ಆ ದಿನಗಳಲ್ಲೇ ಮಂಡಿಪೇಟೆಯ ಬೆಲ್ಲದ ಸಾಹುಕಾರರು ತಮ್ಮ ತಂದೆಯ ಕಾಲದ ಪುಟ್ಟ ಬೈಕೊಂದನ್ನು ತಂದರು. ಮೊಣಕಾಲೆತ್ತರದ ಗಾಡಿ. ಎಲ್ಲ ಬಿಚ್ಚಿ ಫ್ರೇಮು ತೊಳೆದಾಗ, ಹ್ಯಾಂಡಲ್ ತಿರುಗುವ ಕೊರಳಿನ ಕೊಳವೆ ಒಳಗೆ ಸವೆದಿತ್ತು. ಬೇರಿಂಗು ಅದರಲ್ಲಿ ಲೊಡಲೊಡ ಅಲುಗುತ್ತಿತ್ತು.

"ಈರುಳ್ಳಿ ಸಿಪ್ಪೆಯಷ್ಟು ಐತೆ. ಹರಿಹರಕ್ಕೆ ಒಯ್ದು ಲೇತ್ ಅಜ್ಜನ ಹತ್ರ ಬುಶ್ ಹಾಕಿಸ್ಕಂಡು ಬಾ," ಎಂದಳು. ತಾಳೆ ನೋಡಲು ಬೇರಿಂಗನ್ನೂ ಕೊಟ್ಟು ಕಳಿಸಿದಳು.

ಅಜ್ಜ ಕೊಳವೆಯೊಳಗೆ ಇಣುಕಿ, "ಎಲ್ಡು ದಿನ ಬಿಟ್ಟು ಹೋಗು ತಮ್ಮ. ಒಳಗೆ ಕೊರೆದು, ಹೊಸ ಬಳೆ ಕಡೆದು ಕೂರಿಸ್ಬೇಕು. ನಿಮ್ಮಕ್ಕಗೆ ಅಡ್ಡಾದಿಡ್ಡಿ ಕೆಲಸ ಹಿಡಿಸಂಗಿಲ್ಲ," ಎಂದ.

ಅಲ್ಲಿಯೂ ನಾನು ಅಕ್ಕನ ತಮ್ಮನೇ. ಅದೇ ಚುಚ್ಚಿತೇನೋ. ಫ್ರೇಮು ಎತ್ತಿಕೊಂಡು ಹೊಳೆ ದಂಡೆಗೆ ಹೋದೆ. ಬಿಸಿಲಿಗೆ ನೀರು ಮಿಣಮಿಣ ಎನ್ನುತ್ತಿತ್ತು. ಫ್ರೇಮು ತೊಡೆಯ ಮೇಲೆ ಮಲಗಿದ ಕರುವಿನ ಹಾಗಿತ್ತು. ಯಾರೋ ಕುಡಿದು ಎಸೆದ ತಂಪು ಪಾನೀಯದ ಡಬ್ಬಿಯಿಂದ ಪಟ್ಟಿ ಕತ್ತರಿಸಿ, ಬೇರಿಂಗಿನ ಸುತ್ತ ಇಟ್ಟು, ಕಲ್ಲಿನಿಂದ ಬಡಿದು ಕೂರಿಸಿದೆ. ಕೂತಿತು. ಎರಡು ದಿನ ಅಲ್ಲಿ ಇಲ್ಲಿ ಕಳೆದು ಊರಿಗೆ ಬಂದೆ.

ಅಕ್ಕ ಹ್ಯಾಂಡಲ್ ಜೋಡಿಸಿ, ಒಂದು ಕೈಯಿಂದ ಅಲುಗಿಸುತ್ತ ಇನ್ನೊಂದರ ಬೆರಳನ್ನು ಗಾಡಿಯ ಕೊರಳಿಗೆ ಹಚ್ಚಿದಳು. ಸಾಹುಕಾರರು ಎದುರಿಗೇ ಕೂತಿದ್ದರು.

"ಬೇರಿಂಗು ಕುಂತಿಲ್ಲಲ್ಲೋ ಇದು."

"ಅಜ್ಜನೇ ಬುಶ್ ಹಾಕಿ ಕೂರಿಸಿ ಕೊಟ್ಟಾನೆ. ನಿನ್ ಬೆರಳಿಗೆ ಜೋಮು ಹಿಡದೈತೆ ಅಕ್ಕ. ನಿಂಗೆಲ್ಲಿ ತಿಳೀತೈತೆ?"

ಸಾಹುಕಾರರು ನಕ್ಕರು. "ಬಿಡ್ರಿ ಅಕ್ಕಾರೆ, ಇನ್ನೇನಿದ್ರೂ ತಮ್ಮಂದೇ ಕಾಲ."

ಅಕ್ಕ ನಗಲಿಲ್ಲ. ಬೆರಳನ್ನು ಯಾರದೋ ಬೆರಳೆಂಬಂತೆ ತಿರುಗಿಸಿ ನೋಡಿಕೊಂಡಳು.

ಎಂಟು ದಿನಕ್ಕೆ ಸಾಹುಕಾರರು ವಾಪಸ್ಸು ಬಂದರು. ನಂದಿಗುಡಿ ತನಕ ಹೋಗಿ ಬರುವಷ್ಟರಲ್ಲಿ ಹ್ಯಾಂಡಲ್ ಗಡಗಡ ನಡುಗಿ, ಬೀಳುವುದು ಸ್ವಲ್ಪದರಲ್ಲೇ ತಪ್ಪಿತ್ತಂತೆ.

"ನನ್ ಅಳತೇನೇ ತಪ್ಪಿರ್ಬೇಕ್ರಿ. ತಪ್ಪಾತು," ಎಂದು ಅಕ್ಕ ಕೈ ಮುಗಿದಳು. ನಾನು ಪಕ್ಕದಲ್ಲೇ ಸ್ಪ್ಯಾನರ್ ಒರೆಸುತ್ತ ನಿಂತಿದ್ದೆ. ಅವಳು ಬಿಚ್ಚಿ ನೋಡುವ ಮೊದಲೇ ಮೇಲಿನ ನಟ್ಟು ಬಿಗಿದು, ಸರಿಹೋಯಿತೆಂದು ಕಳಿಸಿಬಿಟ್ಟೆ. ಸಾಹುಕಾರರು ಆಮೇಲೆ ಅದನ್ನು ಹತ್ತಲಿಲ್ಲ, ಗೋದಾಮಿನಲ್ಲಿ ನಿಲ್ಲಿಸಿದರು.

ಮರುದಿನದಿಂದ ಅಕ್ಕ ಬಳೆ ತೆಗೆಯಲಿಲ್ಲ. ಬಂದು ಸುಮ್ಮನೆ ಕೂರುವಳು. ಯಾರಾದರೂ ಏನಾದರೂ ತಂದರೆ, "ತಮ್ಮಂಗೆ ತೋರಸ್ರಿ," ಎನ್ನುವಳು. ಬಂದವರು ನನ್ನನ್ನೇ ಕೇಳತೊಡಗಿದರು. ನಾನು ಬಯಸಿದ್ದು ಅದೇ ಆಗಿತ್ತು. ಸಿಕ್ಕ ಮೇಲೆ ಊಟ ಸೇರಲಿಲ್ಲ.

ಒಂದು ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ನನ್ನ ಹೆಂಡತಿಯ ಕಡೆ ಸರಿಸಿ, "ನೀನೊಂದು ಸಲ ಕೈಯಾಡಿಸವ್ವ. ಹರಳು ಉಳಿದಿರ್ತಾವೆ. ನನ್ ಕೈ ನಂಬಂಗಿಲ್ಲ," ಎಂದಳು. ಮೊರದಲ್ಲಿ ಒಂದು ಹರಳೂ ಇರಲಿಲ್ಲ.

ಅಕ್ಕ ತೀರಿಕೊಂಡು ಈಗ ವರ್ಷವಾಯಿತು. ಕೊನೆಯ ಏಳು ತಿಂಗಳು ಮತ್ತೆ ಕೆಲಸ ಮಾಡಿದಳು. ಆ ಪುಟ್ಟ ಬೈಕನ್ನು ತಾನೇ ಹರಿಹರಕ್ಕೆ ಒಯ್ದು, ಬುಶ್ ಹಾಕಿಸಿ ತಂದು, ಐಸು ಹಬೆಗಳ ನಡುವೆ ಬೇರಿಂಗನ್ನು ಕರೆದು ಕೂರಿಸಿದಳು. ನಾನು ಬಾಯಿ ಬಿಡದೆ ಇನ್ನಷ್ಟು ಕಾಲ ತಳ್ಳಿದ್ದರೆ ಆ ಏಳು ತಿಂಗಳೂ ಅವಳಿಗೆ ಸಿಗುತ್ತಿರಲಿಲ್ಲ.

ಅಕ್ಕಿ ಆರಿಸಿದ ಮರುದಿನ ನಾನು ಮಂಡಿಪೇಟೆಗೆ ಹೋಗಿ ಬೈಕನ್ನೂ ಸಾಹುಕಾರರನ್ನೂ ಅಂಗಡಿಗೆ ಕರೆತಂದಿದ್ದೆ. ಅಕ್ಕನ ಎದುರಿಗೇ ಬೈಕಿನ ಕೊರಳು ಬಿಚ್ಚಿದೆ. ಬೇರಿಂಗಿನ ಜೊತೆ ತಗಡಿನ ಪಟ್ಟಿ ಜಾರಿ ನೆಲಕ್ಕೆ ಬಿತ್ತು. ಸವೆದರೂ ಡಬ್ಬಿಯ ಕೆಂಪು ಬಣ್ಣ ಹೋಗಿರಲಿಲ್ಲ. ಅಕ್ಕ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಕ್ಕ, ಅಜ್ಜ ಬುಶ್ ಹಾಕಿರ್ಲಿಲ್ಲ. ನಾನೇ ತಗಡು ತುರುಕಿ ಕಲ್ಲಲ್ಲಿ ಬಡಿದಿದ್ದೆ. ನಿಂಗೆ ಸರಿಯಾಗೇ ತಿಳಿದಿತ್ತು. ಇವರ ಮುಂದೆ ನಿನ್ನ ಹಂಗಂದೆ, ಇವರ ಮುಂದೇನೇ ಹೇಳ್ತೀನಿ. ತಪ್ಪಾತಕ್ಕ."