ನಾನು ಕತ್ತರಿಸಿದ ಪ್ರಬಂಧ

“ಸಾ, ನೀವು ಏಳ್ದಂಗೇ ಚಿಕ್ಕದಾಗಿ ಬರ್ದೆ. ಪ್ರಬಂಧದಲ್ಲೇ ಮಾರ್ಕ್ಸ್ ಓಯ್ತು” ಎಂದು ರೂಪಾ ಮೊಬೈಲನ್ನು ನನ್ನ ಮುಂದೆ ಹಿಡಿದಳು.

ಹೊನ್ನೂರಿನ ರೂಪಾ ಕೊಳ್ಳೇಗಾಲದ ನರ್ಸಿಂಗ್ ಹೋಮೊಂದರಲ್ಲಿ ನರ್ಸ್. ವಿದೇಶದ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕ ಬರಬೇಕಿತ್ತು, ಅಷ್ಟೇ. ಓದುವುದು, ಕೇಳುವುದು, ಮಾತನಾಡುವುದು ಮೂರರಲ್ಲೂ ಬಂದಿತ್ತು.

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತಿದ್ದ ನಾನು ಎರಡು ತಿಂಗಳು ಅವಳ ಪ್ರಬಂಧಗಳನ್ನು ತಿದ್ದಿಕೊಟ್ಟಿದ್ದೆ. ನಿಜ ಹೇಳಬೇಕೆಂದರೆ, ಸುದ್ದಿಯಂತೆ ಕತ್ತರಿಸಿದ್ದೆ. ಕುಂತೂರಿನ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡದ್ದನ್ನು ಅವಳು ಉದಾಹರಣೆಯಾಗಿ ಬರೆದಾಗ, “ಇದೆಲ್ಲ ಯಾರಿಗೆ ಬೇಕಮ್ಮ?” ಎಂದು ಆ ಪ್ಯಾರಾವನ್ನೇ ಹೊಡೆದುಹಾಕಿದ್ದೆ.

ಮೊಬೈಲಿನಲ್ಲಿ ಪ್ರಬಂಧಕ್ಕೆ ಅಂಕ ಕೊಡುವ ನಿಯಮಗಳಿದ್ದವು. ಇನ್ನೂರೈವತ್ತು ಪದಕ್ಕಿಂತ ಕಡಿಮೆಯಾದರೆ ಅಂಕ ಹೋಗುತ್ತದೆ. ಅಭಿಪ್ರಾಯವನ್ನು ಕಾರಣ ಕೊಟ್ಟು, ಉದಾಹರಣೆ ಕೊಟ್ಟು ವಿಸ್ತರಿಸಬೇಕು.

“ನೀವು ಇದ್ನ ಓದಿರ್ನಿಲ್ವಾ ಸಾ?”

“ಇಲ್ಲ” ಎಂದೆ.

ಅವಳು ಬೈಯಲಿಲ್ಲ. “ಓಗ್ಲಿ ಬುಡಿ ಸಾ. ಅವತ್ತೇ ಕೇಳವ ಅನ್ನುಸ್ತು. ಪೇಪರ್ನೋರು, ಗೊತ್ತಿರ್ತದೆ ಅಂದ್ಕಂಡು ಸುಮ್ನಾದೆ” ಎಂದಳು.

ಖಚಿತಪಡಿಸಿಕೊಳ್ಳದೆ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವನಲ್ಲ ಎಂದು ಹೇಳಿಕೊಳ್ಳುತ್ತಿದ್ದವನು ನಾನು. ಆಸ್ಪತ್ರೆ ಕಾಯಲಿಲ್ಲ, ಆ ಕೆಲಸ ಬೇರೆಯವರ ಪಾಲಾಯಿತು. ರೂಪಾ ಮತ್ತೆ ಪರೀಕ್ಷೆಗೆ ಓದುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ, ಪ್ರಬಂಧ ಮಾತ್ರ ತೋರಿಸುವುದಿಲ್ಲ.